ಶ್ವಾಸಕೋಶದ ಕ್ಯಾನ್ಸರ್ ಬೆನ್ನುಮೂಳೆಗೆ ಬಂದದ್ದು ಹೇಗೆ

ಬೆನ್ನುನೋವು ಎಂದು ಮೂಳೆ ಡಾಕ್ಟರ ಹತ್ತಿರ ಹೋದವರಿಗೆ ಎಂಆರ್‌ಐ ಮಾಡಿಸಿದ ಮೇಲೆ ರೋಗದ ಮೂಲ ಶ್ವಾಸಕೋಶದಲ್ಲಿದೆ ಎಂದು ತಿಳಿಯುವುದು ಅಪರೂಪವೇನಲ್ಲ. ಶ್ವಾಸಕೋಶದ ಕ್ಯಾನ್ಸರ್ ಮುಂದುವರಿದ ಹಂತ ತಲುಪಿದವರಲ್ಲಿ ಸುಮಾರು ಶೇ 30ರಿಂದ 40 ಮಂದಿಗೆ ಅದು ಮೂಳೆಗೂ ಹರಡುತ್ತದೆ. ಬೆನ್ನುಮೂಳೆ, ಪಕ್ಕೆಲುಬು, ಸೊಂಟದ ಮೂಳೆಗಳಲ್ಲೇ ಹೆಚ್ಚು. ನಮ್ಮಲ್ಲಿ ಇನ್ನೊಂದು ತೊಡಕಿದೆ: ಕೆಮ್ಮು, ತೂಕ ಇಳಿಕೆ ಎಂದೊಡನೆ ಟಿಬಿಯ ಅನುಮಾನ ಬರುತ್ತದೆ, ಟಿಬಿ ಬೆನ್ನುಮೂಳೆಗೂ ಬರುತ್ತದೆ. ಬಯಾಪ್ಸಿ ಮಾಡದೆ ಟಿಬಿ ಮಾತ್ರೆಯಲ್ಲೇ ತಿಂಗಳುಗಳು ಕಳೆದುಹೋದ ರೋಗಿಗಳಿದ್ದಾರೆ.

ಮೂಳೆಯೇ ಯಾಕೆ? 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ದಾಖಲೆಗಳನ್ನು ಕೂತು ನೋಡಿದರು. ರೋಗ ಯಕೃತ್ತಿಗೆ ಪದೇಪದೇ ಹರಡಿತ್ತು, ಗುಲ್ಮಕ್ಕೆ ತೀರಾ ಕಡಿಮೆ. ಕ್ಯಾನ್ಸರ್ ಕೋಶ ಬೀಜವಿದ್ದಂತೆ, ಎಲ್ಲ ಕಡೆ ಚೆಲ್ಲಿದರೂ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂಬ ನಿಲುವಿಗೆ ಅವರು ಬಂದರು. 1928ರಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್ ಇದನ್ನು ಒಪ್ಪಲಿಲ್ಲ. ರಕ್ತ ಹರಿಯುವ ದಾರಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದರು. 1940ರಲ್ಲಿ ಆಸ್ಕರ್ ಬ್ಯಾಟ್ಸನ್, ಬೆನ್ನುಮೂಳೆಯ ಸುತ್ತಲಿನ ರಕ್ತನಾಳಗಳಿಗೆ ಕವಾಟಗಳಿಲ್ಲ, ಕೆಮ್ಮಿದರೆ ತಿಣುಕಿದರೆ ರಕ್ತ ಅತ್ತ ತಿರುಗಬಲ್ಲದು ಎಂದು ತೋರಿಸಿದರು. ಪ್ಯಾಜೆಟ್, ಯೂಯಿಂಗ್ ಇಬ್ಬರ ಮಾತಿನಲ್ಲೂ ನಿಜವಿತ್ತು. ಆದರೆ ಚಿಕಿತ್ಸೆಗೆ ದಾರಿ ತೋರಿದ್ದು ಪ್ಯಾಜೆಟ್ಟರ ಯೋಚನೆಯೇ ಎಂಬುದು ನನ್ನ ಅಭಿಪ್ರಾಯ.

ಅದು ಕೈಗೂಡಲು ಒಂದು ಶತಮಾನ ಬೇಕಾಯಿತು. ಮೂಳೆ ಜಡ ವಸ್ತುವಲ್ಲ. ಅದನ್ನು ಕರಗಿಸುವ ಕೋಶಗಳೂ ಕಟ್ಟುವ ಕೋಶಗಳೂ ದಿನವಿಡೀ ಕೆಲಸದಲ್ಲಿರುತ್ತವೆ. ಅಲ್ಲಿಗೆ ಬಂದಿಳಿದ ಕ್ಯಾನ್ಸರ್ ಕೋಶ ಬಹುಪಾಲು ತಾನೇ ಮೂಳೆಯನ್ನು ಕೊರೆಯುವುದಿಲ್ಲ, ಕರಗಿಸುವ ಕೋಶಗಳನ್ನು ಕೆರಳಿಸುತ್ತದೆ. ಮೂಳೆ ಕರಗಿದಾಗ ಅದರೊಳಗೆ ಅಡಗಿದ್ದ ಬೆಳವಣಿಗೆಯ ಅಂಶಗಳು ಹೊರಬಿದ್ದು ಗಡ್ಡೆಯನ್ನೇ ಪೋಷಿಸುತ್ತವೆ. ಟೆಕ್ಸಾಸಿನ ಗ್ರೆಗರಿ ಮಂಡಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಈ ವಿಷವರ್ತುಲವನ್ನು ಬಿಡಿಸಿಟ್ಟರು. ಕೆಲವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು ಕವಿಯುತ್ತದೆ. ಮನೆಯವರು ಸುಸ್ತು ಎಂದುಕೊಂಡು ಸುಮ್ಮನಾಗುತ್ತಾರೆ.

ಆ ವರ್ತುಲವನ್ನು ಮುರಿಯುವ ಔಷಧಿ ಝೋಲೆಡ್ರಾನಿಕ್ ಆಮ್ಲಕ್ಕೆ ಶ್ವಾಸಕೋಶದ ಕ್ಯಾನ್ಸರ್ ಹರಡಿದ ಮೂಳೆಗಳ ಚಿಕಿತ್ಸೆಗೂ ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು, ಇದೇ ಕೆಲಸದ ಇನ್ನೊಂದು ಔಷಧಿ ಡೆನೊಸುಮ್ಯಾಬ್‌ಗೆ 2010ರಲ್ಲಿ. ಇವು ಕ್ಯಾನ್ಸರನ್ನು ವಾಸಿ ಮಾಡುವುದಿಲ್ಲ, ಮೂಳೆ ಮುರಿತವನ್ನು ತಗ್ಗಿಸುತ್ತವೆ. ದವಡೆಯ ಮೂಳೆ ಕೊಳೆಯುವ ಅಪಾಯವಿರುವುದರಿಂದ ಹಲ್ಲು ತೋರಿಸಿಕೊಂಡೇ ಶುರುಮಾಡಬೇಕು.

ನೋವಿಗೆ ರೇಡಿಯೇಷನ್ ಇದೆ. ಹತ್ತು ಸಲ ಕೊಡುವುದರಿಂದ ಸಿಗುವಷ್ಟೇ ಉಪಶಮನ 8 ಗ್ರೇ (ವಿಕಿರಣದ ಅಳತೆ) ಪ್ರಮಾಣವನ್ನು ಒಂದೇ ಸಲ ಕೊಟ್ಟಾಗಲೂ ಸಿಗುತ್ತದೆ; ಕೆಲವರಿಗೆ ಮುಂದೆ ಮತ್ತೊಮ್ಮೆ ಬೇಕಾಗಬಹುದು, ಅಷ್ಟೆ. ರಾಯಚೂರು, ಬೀದರಿನಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವ ಕುಟುಂಬಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ. ಬೆನ್ನುನೋವಿನ ಜೊತೆ ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಮಾತ್ರ ಮರುದಿನಕ್ಕೂ ಕಾಯುವಂತಿಲ್ಲ. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು, ಹೋದ ಶಕ್ತಿ ಮರಳುವುದು ಕಷ್ಟ.

ಇನ್ನು ತೀವ್ರ ನೋವು ತಗ್ಗಿಸುವ ಮಾರ್ಫಿನ್. 1985ರ ಮಾದಕವಸ್ತು ಕಾಯ್ದೆಯ ಬಿಗಿ ನಿಯಮಗಳಿಗೆ ಹೆದರಿ ದೇಶದ ಎಷ್ಟೋ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ಹಲವು ಪರವಾನಗಿಗಳ ಬದಲು ಒಂದೇ ಸಾಕು ಎಂಬ ತಿದ್ದುಪಡಿ 2014ರಲ್ಲಿ ಬಂತು. ಆದರೂ ನೋವಿನಿಂದ ಮಗ್ಗುಲು ಬದಲಿಸಲಾಗದವರ ಮನೆಯವರು ಈ ಮಾತ್ರೆಗಾಗಿ ಈಗಲೂ ಊರೂರು ಅಲೆಯುತ್ತಾರೆ.