ಕೆಲಸ ಒಬ್ಬರದು, ಸಹಿ ಇನ್ನೊಬ್ಬರದು

ಮಾಲೂರಿನಲ್ಲಿ ಮನೆ ಕಟ್ಟಿಸಿದಾಗ ಮೀಟರಿಗೆ ಅರ್ಜಿ ಹಾಕಿದ್ದೆ. ಜೊತೆಗೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಸಹಿ ಮಾಡಿದ ಟೆಸ್ಟ್ ರಿಪೋರ್ಟ್ ಬೇಕಿತ್ತು. ವೈರಿಂಗ್ ಮಾಡಿದ ಹುಡುಗನ ಕೈ ಚೆನ್ನಾಗಿತ್ತು, ಲೈಸೆನ್ಸ್ ಇರಲಿಲ್ಲ. ಅವನೇ ಒಬ್ಬರನ್ನು ಕರೆತಂದ. ಅವರು ಸ್ಕೂಟರಿನಿಂದ ಇಳಿಯಲೇ ಇಲ್ಲ. ಸೀಟಿನ ಮೇಲೆ ಫಾರಂ ಇಟ್ಟು, ಖಾಲಿ ಜಾಗದಲ್ಲೆಲ್ಲ ಅಂಕಿ ತುಂಬಿ, ಸೀಲು ಒತ್ತಿ, ದುಡ್ಡು ತಗೊಂಡು ಹೊರಟರು. ನಾನೂ ಸುಮ್ನೆ ನಿಂತಿದ್ದೆ. ಮೀಟರ್ ಬಂದರೆ ಸಾಕಿತ್ತು.

ಈ ಸಹಿಯ ಕಥೆ ಹಳೆಯದು. ಕರೆಂಟಿನ ವಿಷಯದಲ್ಲಿ ನಮ್ಮ ಕೋಲಾರ ಜಿಲ್ಲೆ ಬೆಂಗಳೂರಿಗಿಂತ ಹಿರಿಯದು. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರ ಜೂನ್‌ನಲ್ಲಿ ಕೆಜಿಎಫ್ ಗಣಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಆದರೆ ಗಣಿಯ ಕರೆಂಟು ಗಣಿಯ ಎಂಜಿನಿಯರುಗಳ ಕೈಯಲ್ಲೇ ಇತ್ತು. ಅದು ಊರಿನ ಮನೆಮನೆಗೆ ಬರತೊಡಗಿದ ಮೇಲೆ ಕೈ ಹಾಕುವವರು ಯಾರು ಅನ್ನೋ ಪ್ರಶ್ನೆ ಎದ್ದಿತು.

ಬ್ರಿಟಿಷ್ ಇಂಡಿಯಾದಲ್ಲಿ 1903ರಲ್ಲಿ ಒಂದು ವಿದ್ಯುತ್ ಕಾಯ್ದೆ ಬಂತು, 1910ರಲ್ಲಿ ಅದರ ಜಾಗಕ್ಕೆ ಇನ್ನೊಂದು. ನಮಗೆ ಬೇಕಾದ್ದು ಸಿಗೋದು ಸ್ವಾತಂತ್ರ್ಯದ ನಂತರದ 1956ರ ನಿಯಮಗಳಲ್ಲಿ. ಅದರ 45ನೇ ನಿಯಮದ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸೋದು ನಿಮ್ಮಿಷ್ಟ. ಹೊಸ ವೈರಿಂಗ್, ಹೆಚ್ಚುವರಿ ಪಾಯಿಂಟ್, ರಿಪೇರಿ ಎಲ್ಲವೂ ಲೈಸೆನ್ಸ್ ಇರುವ ಕಂಟ್ರಾಕ್ಟರದು. ಅದೂ ಯೋಗ್ಯತಾ ಪತ್ರ ಇರುವ ಸೂಪರ್‌ವೈಸರ್ ಕಣ್ಣಿನಡಿ, ಪರ್ಮಿಟ್ ಇರುವ ವೈರ್‌ಮ್ಯಾನ್ ಕೈಯಿಂದ. 2003ರಲ್ಲಿ ಕಾಯ್ದೆ ಬದಲಾಯಿತು, 2010ರಲ್ಲಿ ಹೊಸ ಸುರಕ್ಷತಾ ನಿಯಮ ಬಂತು, 2023ರಲ್ಲಿ ಮತ್ತೆ ಬದಲಾಯಿತು. ಮಾತು ಮಾತ್ರ ಹೆಚ್ಚುಕಡಿಮೆ ಅದೇ.

ಬದಲಾದದ್ದು ಗೋಡೆ. ನಮ್ಮ ತಾತನ ಮನೆಯಲ್ಲಿ ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ವೈರು ಎಳೆದಿದ್ದರು. ಎಲ್ಲಿ ಜಾಯಿಂಟ್ ಇದೆ, ಎಲ್ಲಿ ರಬ್ಬರ್ ಬಿರುಕು ಬಿಟ್ಟಿದೆ, ತಲೆ ಎತ್ತಿದರೆ ಕಾಣುತ್ತಿತ್ತು. ಈಗ ಎಲ್ಲ ಪೈಪಿನೊಳಗೆ, ಗಾರೆಯೊಳಗೆ. ಮನೆಯವನಿಗೆ ಏನೂ ಕಾಣಲ್ಲ. ಅಂದ್ರೆ ಸಹಿಗೆ ಬೆಲೆ ಜಾಸ್ತಿ ಆಗಬೇಕಿತ್ತು, ಅಲ್ವಾ? ಆದದ್ದು ಉಲ್ಟಾ. ಕೆಲಸ ಕಲಿತ ಹುಡುಗರು ಹೆಲ್ಪರಾಗಿ ಸೇರಿ ಮೇಸ್ತ್ರಿ ಆಗುತ್ತಾರೆ. ಐಟಿಐಯ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸಿನ ಕಡೆ, ಪರ್ಮಿಟ್ ಪರೀಕ್ಷೆಯ ಕಡೆ ತಲೆ ಹಾಕಲ್ಲ. ಇರುವ ಲೈಸೆನ್ಸು ಬಾಡಿಗೆಗೆ ಸಿಗುವಾಗ ಯಾಕೆ ಹಾಕಬೇಕು? ಬೋರ್‌ವೆಲ್ ಕಡೆಯದ್ದಂತೂ ಕೇಳಲೇಬೇಡಿ. ಟಿಸಿಯಲ್ಲಿ, ಅಂದ್ರೆ ಟ್ರಾನ್ಸ್‌ಫಾರ್ಮರಿನಲ್ಲಿ, ಫ್ಯೂಸ್ ಹೋದರೆ ರಾತ್ರಿ ರೈತನೇ ಕೋಲು ಹಿಡಿದು ಹೋಗುತ್ತಾನೆ.

ಆರು ತಿಂಗಳಿಗೆ ನಮ್ಮ ಬಚ್ಚಲಿನ ನಲ್ಲಿ ಜುಮ್ ಅನ್ನತೊಡಗಿತು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ಥ್ ವೈರಿನ ಜಾಡು ಹಿಡಿದು ಹಿತ್ತಲಿಗೆ ಹೋದೆ. ಗೋಡೆಯಿಂದ ಹೊರಬಂದ ಹಸಿರು ವೈರು ಅರ್ಧ ಅಡಿ ಮಣ್ಣಿಗೆ ಚುಚ್ಚಿಕೊಂಡಿತ್ತು, ಅಷ್ಟೇ. ಪೈಪಿಲ್ಲ, ಪ್ಲೇಟಿಲ್ಲ, ಇದ್ದಿಲು ಉಪ್ಪು ಮೊದಲೇ ಇಲ್ಲ. 30 ಮಿಲಿಆಂಪಿಯರ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿಯನ್ನು ದುಡ್ಡು ಉಳಿಸೋಕೆ ನಾನೇ ಬೇಡ ಅಂದಿದ್ದೆ. ರಿಪೋರ್ಟಿನಲ್ಲಿ ಅರ್ಥ್ ರೆಸಿಸ್ಟೆನ್ಸ್ ಮಾತ್ರ ದುಂಡಗೆ ಬರೆದಿತ್ತು.

ಈ ಸಲ ಲೋಡ್ ಜಾಸ್ತಿ ಮಾಡಿಸುವ ನೆಪದಲ್ಲಿ ಬೇರೆ ಕಂಟ್ರಾಕ್ಟರನ್ನು ಕರೆದೆ. ಮೊದಲು ಅರ್ಥ್ ಗುಂಡಿ ತೋಡಿಸಿದರು. ಆಮೇಲೆ ಮೇನ್ ಆಫ್ ಮಾಡಿ, ಬಲ್ಬು ಬಿಚ್ಚಿಸಿ, ಗೀಸರ್ ಕಳಚಿಸಿ, ವೈರಿನ ಇನ್ಸುಲೇಶನ್ ಅಳೆಯುವ ಮೆಗ್ಗರಿನ ಹಿಡಿ ತಿರುಗಿಸುತ್ತ ಒಂದೊಂದೇ ಲೈನ್ ನೋಡಿದರು. 500 ವೋಲ್ಟ್ ಡಿಸಿ ಒಂದು ನಿಮಿಷ ಕೊಟ್ಟಾಗ ಇನ್ಸುಲೇಶನ್ನಿನ ತಡೆ ಕನಿಷ್ಠ 1 ಮೆಗಾಓಮ್ ಇರಬೇಕು ಅಂತ 1956ರ ನಿಯಮದಲ್ಲೇ ಇತ್ತು. ಬಚ್ಚಲಿನ ಲೈನಿನಲ್ಲಿ ಮುಳ್ಳು ಅರ್ಧ ಮೆಗಾಓಮ್‌ಗೂ ಏರಲಿಲ್ಲ.

"ಇದು ಬದಲಾಯಿಸಿ ಸಾರ್, ಆಮೇಲೆ ಕರೀರಿ. ಈಗ ಸಹಿ ಹಾಕಲ್ಲ" ಅಂದರು.

ಅದೇ ಹುಡುಗ ಬಂದ. ಮಾತಾಡದೆ ಪೈಪಿನಿಂದ ಹಳೇ ವೈರು ಎಳೆಯತೊಡಗಿದ. ಎರಡು ಮೊಳ ಬಂದಮೇಲೆ ಟೇಪು ಸುತ್ತಿದ ಜಾಯಿಂಟೊಂದು ಹೊರಗೆ ಬಂತು.