ಹಾಳೆ ತಟ್ಟೆಯ ಲೆಕ್ಕ: ಸ್ಕೋಪ್ 1, 2, 3 ನನಗೆ ಅರ್ಥವಾದದ್ದು ಹೀಗೆ

ಶಿರಸಿ ಹತ್ತಿರದ ಒಂದು ಹಾಳೆ ತಟ್ಟೆ ಘಟಕದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಸುಸ್ಥಿರತೆಯ ತರಬೇತಿಗೆ ಸೇರುತ್ತೇನೆ ಅಂದಾಗ ಯಜಮಾನರು ನಕ್ಕರು. "ನಮ್ದು ಅಡಿಕೆ ಹಾಳೆ ಮಾರಾಯಾ, ಮಣ್ಣಿಗೆ ಬಿದ್ದರೆ ಗೊಬ್ಬರ. ನಮಗೆಂಥ ತರಬೇತಿ?" ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತ್ತು.

ಮೊದಲ ಪಾಠ ಸುಸ್ಥಿರತೆಯ ವ್ಯಾಖ್ಯೆಯದು. ವಿಶ್ವಸಂಸ್ಥೆ ನೇಮಿಸಿದ್ದ ಬ್ರಂಟ್‌ಲಾಂಡ್ ಆಯೋಗದ 1987ರ ವರದಿ ಹೇಳುವುದಿಷ್ಟು: ಇಂದಿನವರ ಅಗತ್ಯ ತೀರಬೇಕು, ಮುಂದಿನವರ ಅಗತ್ಯಕ್ಕೆ ಕುತ್ತು ಬರಬಾರದು. ಇದು ತಲೆಗೆ ಹೋಗದಿದ್ದರೆ ಮಳೆಗಾಲದ ಕಾರವಾರ ಬಂದರಿಗೆ ಹೋಗಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೆಲ್ಲ ದಡದಲ್ಲಿ. ಮೀನು ಮೊಟ್ಟೆ ಇಡುವ ಕಾಲ, ಬಲೆ ಬೀಸುವಂತಿಲ್ಲ. 61 ದಿನ ದುಡಿಮೆ ಇಲ್ಲ, ದೋಣಿ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ನಾಳೆಯ ಮೀನಿಗೆ ಇವತ್ತೇ ಬೆಲೆ ಕೊಡಬೇಕು ಅನ್ನುವುದನ್ನು ನಮ್ಮ ಪಾಠದ ಹಾಳೆಗಳು ಸ್ವಲ್ಪ ಮೆಲ್ಲಗೇ ಹೇಳುತ್ತವೆ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಮ್ಮೆ ಓದಿಕೊಳ್ಳಿ, ಸಾಕು. ಬಾಯಿಪಾಠ ಬೇಡ.

ಜಾಸ್ತಿ ಸಮಯ ಕೊಡಬೇಕಾದ್ದು ಸ್ಕೋಪ್‌ಗಳಿಗೆ, ಅಂದರೆ ಒಂದು ಉದ್ಯಮದಿಂದಾಗುವ ಹಸಿರುಮನೆ ಅನಿಲದ ಲೆಕ್ಕವನ್ನು ಹಂಚಿಡುವ ಮೂರು ವಿಭಾಗಗಳಿಗೆ. ನಾನು ಒಂದು ತಿಂಗಳ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿ ಮೂರು ಗುಡ್ಡೆ ಮಾಡಿದೆ. ನಾವೇ ಸುಡುವ ಇಂಧನ ಸ್ಕೋಪ್ 1: ಜನರೇಟರಿನ ಡೀಸೆಲ್, ನಮ್ಮದೇ ಪಿಕಪ್‌ನ ಡೀಸೆಲ್. ಕೊಂಡ ಕರೆಂಟು ಸ್ಕೋಪ್ 2: ಅಂದರೆ ಹೆಸ್ಕಾಂ ಬಿಲ್ಲು. ಉಳಿದದ್ದೆಲ್ಲ ಸ್ಕೋಪ್ 3.

ಲೆಕ್ಕ ಹೀಗೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ನಮ್ಮ ದೇಶದ ಗ್ರಿಡ್‌ನ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ. ತಿಂಗಳಿಗೆ 100 ಲೀಟರ್ ಡೀಸೆಲ್, 2,000 ಯೂನಿಟ್ ಕರೆಂಟು ಅಂತ ಹಿಡಿದರೆ 270 ಕೆಜಿ ಒಂದು ಕಡೆ, 1,400 ಕೆಜಿ ಇನ್ನೊಂದು ಕಡೆ. ಕರಿ ಹೊಗೆ ಉಗುಳುವ ಜನರೇಟರೇ ದೊಡ್ಡ ಕಳ್ಳ ಅಂದುಕೊಂಡಿದ್ದೆ. ಸದ್ದಿಲ್ಲದೆ ಕೂತಿದ್ದು ಅಚ್ಚು ಕಾಯಿಸುವ ಕರೆಂಟು! ಕಾಳಿ ನದಿಯ ಜಲವಿದ್ಯುತ್ ನಮ್ಮ ಜಿಲ್ಲೆಯಲ್ಲೇ ಹುಟ್ಟುತ್ತದಲ್ಲ ಅಂತ ವಾದ ಮಾಡಬೇಡಿ. ಗ್ರಿಡ್‌ಗೆ ಸೇರಿದ ಮೇಲೆ ಕಲ್ಲಿದ್ದಲಿನದ್ದೂ ನೀರಿನದ್ದೂ ಒಂದೇ ಹೊಳೆ.

ಇನ್ನು ಸ್ಕೋಪ್ 3. ತೋಟದಿಂದ ಹಾಳೆ ತರುವ ಬಾಡಿಗೆ ಗಾಡಿ, ಬೆಂಗಳೂರಿಗೆ ತಟ್ಟೆ ಒಯ್ಯುವ ಲಾರಿ, ತಟ್ಟೆಗಳ ಕಟ್ಟಿನ ಸುತ್ತ ಸುತ್ತುವ ಪ್ಲಾಸ್ಟಿಕ್. ಹೌದು, ಹಾಳೆ ತಟ್ಟೆಗೆ ಪ್ಲಾಸ್ಟಿಕ್ ಅಂಗಿ. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದಲ್ಲ, ಬಿಡಲಿಕ್ಕೂ ಆಗುವುದಿಲ್ಲ.

"ಲಾರಿಯವನ ಡೀಸೆಲ್ ನನ್ನ ಲೆಕ್ಕಕ್ಕೆ ಯಾಕೆ?" ಅಂದರು ಯಜಮಾನರು. ಲಾರಿ ಕರೆಸಿದ್ದು ನಾವಲ್ವಾ? ಅದೂ ಅಲ್ಲದೆ ಷೇರುಪೇಟೆಯ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಕೊಡಲೇಬೇಕು, ಇದು ಷೇರುಪೇಟೆಯ ನಿಯಂತ್ರಕ ಸೆಬಿ ಕೇಳುವ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ. ಅಂಥವರು ನಮ್ಮಿಂದ ತಟ್ಟೆ ಕೊಂಡರೆ ನಮ್ಮ ಲೆಕ್ಕ ಅವರ ಸ್ಕೋಪ್ 3ಕ್ಕೆ ಹೋಗುತ್ತದೆ. ಇವತ್ತಲ್ಲ ನಾಳೆ ಕೇಳುತ್ತಾರೆ.

ಲಾರಿಯವರ ಡೀಸೆಲ್ ಬಿಲ್ಲು ನಮಗೆ ಸಿಗುವುದಿಲ್ಲ. ಅದಕ್ಕೆ ಸಾಗಿಸಿದ ತೂಕ, ಓಡಿದ ದೂರ ಎರಡೂ ಸಾಕು, ಅಂದಾಜು ಹಾಕಬಹುದು. ಹಾಗಾಗಿ ಬಾಡಿಗೆ ಚೀಟಿಯಲ್ಲಿ ಕಿಲೋಮೀಟರ್ ಬರೆಸಿಕೊಳ್ಳಲು ಶುರು ಮಾಡಿದ್ದೇನೆ. ಮೊದಲ ದಿನವೇ ಡ್ರೈವರ್ ಅನುಮಾನದಿಂದ ನೋಡಿದ. "ಎಂಥಾ ಸರ್, ಬಾಡಿಗೆ ಕಮ್ಮಿ ಮಾಡ್ಲಿಕ್ಕಾ?"