ತಿದ್ದುವ ಮೊದಲು ಉತ್ತರ ಬರೆಯಿರಿ

ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವ ಮಕ್ಕಳು ತರಗತಿಯಲ್ಲಿ ಬರೆಯುವುದನ್ನೆಲ್ಲ ಓದುವವರು ಒಬ್ಬರೇ, ಅಂಕ ಹಾಕುವವರು. ಅವರಿಗೋ ವಿಷಯ ಮೊದಲೇ ಗೊತ್ತು. ಹೀಗಾಗಿ ಮಗು ಏನನ್ನಾದರೂ ಹೇಳಲು ಬರೆಯುವುದಿಲ್ಲ, ಕೆಂಪು ಶಾಯಿಯಿಂದ ಪಾರಾಗಲು ಬರೆಯುತ್ತದೆ. ಸಂವಾದ ದಿನಚರಿ, ಅಂದರೆ ಮಗುವೂ ಶಿಕ್ಷಕರೂ ಒಂದೇ ಪುಸ್ತಕದಲ್ಲಿ ಬರೆದುಕೊಳ್ಳುವ ಮಾತುಕತೆ, ಈ ಗಂಟನ್ನು ಬಿಚ್ಚುತ್ತದೆ. ವಿದ್ಯಾರ್ಥಿ ಬರೆದ ನಾಲ್ಕು ಸಾಲಿಗೆ ಶಿಕ್ಷಕರು ಕಾಗದಕ್ಕೆ ಉತ್ತರ ಬರೆದಂತೆ ಬರೆಯುತ್ತಾರೆ, ಅಷ್ಟೇ.

ವಾರಕ್ಕೆ 2 ಸಲ, ತರಗತಿಯಲ್ಲೇ, 10 ನಿಮಿಷ ಸಾಕು. ಮನೆಗೆ ಕೊಟ್ಟರೆ ಬೇರೆಯವರ ಇಂಗ್ಲಿಷ್ ಬರುತ್ತದೆ. ನಿಘಂಟು ಬೇಡ. ಪದ ಹೊಳೆಯದಿದ್ದರೆ ಕನ್ನಡದಲ್ಲೇ ಬರೆದು ಅಡಿಗೆರೆ ಎಳೆಯಲಿ. ಅದೇ ಪದವನ್ನು ನಿಮ್ಮ ಉತ್ತರದಲ್ಲಿ ಇಂಗ್ಲಿಷಿನಲ್ಲಿ ಬಳಸಿ. ಬೇಕೆನಿಸಿದ ಗಳಿಗೆಯಲ್ಲಿ ಸಿಕ್ಕ ಪದ ಪಟ್ಟಿಯಲ್ಲಿ ಉರು ಹೊಡೆದ ಪದಕ್ಕಿಂತ ಚೆನ್ನಾಗಿ ಉಳಿಯುತ್ತದೆ. ‘ಮೈ ಸ್ಕೂಲ್’ ಎಂದು ವಿಷಯ ಕೊಟ್ಟರೆ ಬಾಯಿಪಾಠ ಬರುತ್ತದೆ. ‘ಇವತ್ತು ಯಾರ ಮೇಲೆ ಸಿಟ್ಟು ಬಂತು, ಯಾಕೆ’ ಎಂದು ಕೇಳಿದರೆ ಬಾಯಿಪಾಠಕ್ಕೆ ಜಾಗವೇ ಇಲ್ಲ.

ಉತ್ತರ ಬರೆಯುವುದರಲ್ಲೇ ಕಸುಬು ಇರುವುದು. ‘ಯೆಸ್ಟರ್‌ಡೇ ಐ ಗೋ ಟು ಮೈ ಅಂಕಲ್ ಹೌಸ್’ ಎಂದಿದ್ದರೆ ‘ಗೋ’ ಮೇಲೆ ಗೆರೆ ಹಾಕಬೇಡಿ. ‘ಓಹ್, ಯು ವೆಂಟ್ ಟು ಯುವರ್ ಅಂಕಲ್ಸ್ ಹೌಸ್! ಹೂ ವೆಂಟ್ ವಿತ್ ಯು?’ ಎಂದು ಬರೆಯಿರಿ. ಸರಿಯಾದ ರೂಪ ಕಣ್ಣಿಗೆ ಬಿತ್ತು, ಮುಂದಿನ ಉತ್ತರಕ್ಕೆ ಅದೇ ರೂಪ ಬೇಕಾಗುತ್ತದೆ. ಹೌದು-ಅಲ್ಲ ಎಂದು ಮುಗಿಸಿಬಿಡಬಹುದಾದ ಪ್ರಶ್ನೆ ಮಾತ್ರ ಕೇಳಬೇಡಿ.

ಇಷ್ಟರಿಂದಲೇ ತಪ್ಪು ಹೋಗುತ್ತದೆಯೇ? ಇಲ್ಲ, ಎಷ್ಟೋ ಮಕ್ಕಳು ಗಮನಿಸುವುದೇ ಇಲ್ಲ. ಅದಕ್ಕೆ 15 ದಿನಕ್ಕೊಮ್ಮೆ ಹಲವರ ಪುಸ್ತಕದಲ್ಲಿ ಕಂಡ ಒಂದೇ ಒಂದು ತಪ್ಪನ್ನು, ಹೆಸರು ಹೇಳದೆ, ಬೋರ್ಡಿನ ಮೇಲೆ ಬಿಡಿಸಿ. ಕನ್ನಡದಿಂದ ನೇರವಾಗಿ ಇಳಿದು ಬಂದ ತಪ್ಪುಗಳಿಂದ ಶುರು ಮಾಡುವುದು ಲೇಸು. ‘ಬಗ್ಗೆ ಚರ್ಚಿಸಿದೆವು’ ಎಂಬುದು ‘ಡಿಸ್ಕಸ್ಡ್ ಅಬೌಟ್’ ಆಗುತ್ತದೆ, ‘ಅವನಿಗೆ ಹೇಳಿದೆ’ ಎಂಬುದರ ‘ಗೆ’ ಹೋಗಿ ‘ಟು’ ಆಗಿ, ‘ಟೋಲ್ಡ್ ಹಿಮ್’ ಇರಬೇಕಾದಲ್ಲಿ ‘ಟೋಲ್ಡ್ ಟು ಹಿಮ್’ ಎಂದು ಕೂರುತ್ತದೆ. ಎರಡು ಭಾಷೆಯ ವಾಕ್ಯವನ್ನೂ ಒಂದರ ಕೆಳಗೊಂದು ಬರೆದರೆ ಮಕ್ಕಳೇ ಹಿಡಿಯುತ್ತಾರೆ. ‘ಎ’, ‘ದಿ’ಗಳನ್ನು ಕೊನೆಗಿಡಿ. ಕನ್ನಡದಲ್ಲಿ ಅವಕ್ಕೆ ಸಮನಾದದ್ದಿಲ್ಲ; ವರ್ಷಗಟ್ಟಲೆ ಇಂಗ್ಲಿಷ್ ಬಳಸಿದವರೂ ಅಲ್ಲಿ ಎಡವುತ್ತಾರೆ.

40 ಮಕ್ಕಳಿದ್ದರೆ ದಿನಕ್ಕೆ 8 ಪುಸ್ತಕ, ಪುಸ್ತಕಕ್ಕೆ 3 ನಿಮಿಷ. ವಾರದಲ್ಲಿ ಬರೆದ ಎರಡರಲ್ಲಿ ಉತ್ತರ ಬೇಕಾದದ್ದಕ್ಕೆ ಮಗುವೇ ನಕ್ಷತ್ರ ಹಾಕಲಿ. ಎಲ್ಲರದ್ದನ್ನೂ ಒಂದೇ ಸಂಜೆ ಹೊತ್ತುಕೊಂಡು ಹೋದವರು ತಿಂಗಳೊಳಗೆ ಕೈಬಿಡುತ್ತಾರೆ.

ಕೆಲವು ವಾರಗಳಲ್ಲಿ ಮಕ್ಕಳ ಸಾಲುಗಳು ಗಿಡ್ಡವಾದರೆ ಮೊದಲು ನಿಮ್ಮ ಉತ್ತರಗಳನ್ನೇ ತಿರುವಿ ನೋಡಿ. ‘ಗುಡ್’, ‘ವೆರಿ ನೈಸ್’ ತುಂಬಿದ್ದರೆ ಕಾರಣ ಅಲ್ಲೇ ಇದೆ. ಇದ್ದಕ್ಕಿದ್ದಂತೆ ಒಂದೂ ತಪ್ಪಿಲ್ಲದ ಪುಟ ಬಂದರೆ ಫೋನಿನ ಅನುವಾದ ಇರಬಹುದು, ಆದರೆ ಆರೋಪ ಬೇಡ. ಅದರಲ್ಲಿನ ಒಂದು ಮಾತಿನ ಬಗ್ಗೆ ಪ್ರಶ್ನೆ ಕೇಳಿ, ಎದುರಿಗೇ ಉತ್ತರ ಬರೆಯಲು ಹೇಳಿ.

ಇನ್ನೊಂದನ್ನು ಮೊದಲ ದಿನವೇ ಹೇಳಿಬಿಡಿ: ಪುಸ್ತಕವನ್ನು ಯಾರು ಯಾರು ಓದುತ್ತಾರೆ ಎಂಬುದನ್ನು. ಮಕ್ಕಳು ಮನೆಯ ನೋವನ್ನೂ ಬರೆಯುತ್ತಾರೆ. ಮಗುವಿಗೆ ಅಪಾಯವಿದೆ ಎಂದು ಕಂಡರೆ ಅದನ್ನು ಗುಟ್ಟಾಗಿಡಲು ಆಗದು, ಅದೂ ಅವರಿಗೆ ಮುಂಚೆಯೇ ತಿಳಿದಿರಲಿ.